ಚಕ್ರದ ಕರೆಂಟಿನಿಂದ ಕಿವಿಯವರೆಗೆ

ನನ್ನ ಕಿವಿ ಮಂದವಾಗಿ ಎರಡು ವರ್ಷ ಕಳೆದ ಮೇಲೆ ಶ್ರವಣಯಂತ್ರ ಹಾಕಿಸಿಕೊಂಡೆ. ಅವರೆಕಾಳಿನ ಗಾತ್ರದ ಎರಡು ಯಂತ್ರ, ಅವನ್ನಿಟ್ಟು ಚಾರ್ಜು ಮಾಡಲು ಒಂದು ಡಬ್ಬಿ. ಅದೇ ಬೇಸಿಗೆಯಲ್ಲಿ ಸೈಕಲ್ಲಿನ ದೀಪಕ್ಕೆಂದು ಮುಂದಿನ ಚಕ್ರಕ್ಕೆ ಡೈನಮೋ ಹಾಕಿಸಿದ್ದೆ. ಟೈರಿಗೆ ಉಜ್ಜುವ ಹಳೆಯ ಬಗೆಯದಲ್ಲ, ಚಕ್ರದ ನಡುಗುಂಬದ, ಅಂದರೆ ಹಬ್‌ನ, ಒಳಗೇ ಇರುವಂಥದು. ಡೈನಮೋದ ಎರಡು ವೈರನ್ನು ನೇರ ಡಬ್ಬಿಗೆ ಜೋಡಿಸಿದರೆ ದಾರಿಯಲ್ಲೇ ಚಾರ್ಜಾಗುತ್ತದಲ್ಲ ಎಂದು ನನಗೆ ಹುಮ್ಮಸ್ಸು.

"ಸ್ವಲ್ಪ ನಿಲ್ಲಿ ರೀ," ಎಂದಳು ಹೆಂಡತಿ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಸೈಕಲ್ಲನ್ನು ಹಜಾರದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ವೈರಿಗೆ ಮೀಟರು ಹಿಡಿದು, ಚಕ್ರ ತಿರುಗಿಸಿ ಎಂದು ನನಗೆ ಕೈಸನ್ನೆ ಮಾಡಿದಳು. ಮೆಲ್ಲಗೆ ತಿರುಗಿಸಿದರೆ ಮುಳ್ಳು ಅಲ್ಲಾಡಿತಷ್ಟೆ. ಜೋರಾಗಿ ತಿರುಗಿಸಿದಾಗ ಎಲ್ಲಿಗೋ ಜಿಗಿಯಿತು.

"ನೋಡಿದ್ರಾ? ಇಳಿಜಾರಲ್ಲಿ ನೀವು ಓಡಿಸೋ ಸ್ಪೀಡಿಗೆ ಡಬ್ಬಿ ಸುಟ್ಟೋಗುತ್ತೆ. ಏರಲ್ಲಿ ಕರೆಂಟೇ ಬರಲ್ಲ."

ಅವಳೇ ಏರ್ಪಾಡು ಮಾಡಿದಳು. ಡೈನಮೋದ ಕರೆಂಟನ್ನು ಹದಕ್ಕೆ ತರುವ ಒಂದು ಪುಟ್ಟ ಪೆಟ್ಟಿಗೆ ತರಿಸಿ ಹ್ಯಾಂಡಲಿನ ಕೆಳಗೆ ಕಟ್ಟಿದಳು. ಅದರಿಂದ ಪವರ್‌ಬ್ಯಾಂಕಿಗೆ ವೈರು. ಸೈಕಲ್ ಓಡುವಾಗ ಪವರ್‌ಬ್ಯಾಂಕ್ ಮಾತ್ರ ತುಂಬಬೇಕು, ನಿಂತಾಗ ಅದರಿಂದ ಡಬ್ಬಿಗೆ ಕೊಡಬೇಕು. ವೇಗ ಏರಿ ಇಳಿದರೆ ಆ ಪೆಟ್ಟು ಯಂತ್ರಕ್ಕೆ ತಾಗಬಾರದು. ಮೊದಮೊದಲು ಮನೆಯ ಹಳೆಯ ಮೊಬೈಲಿಗೆ ಚಾರ್ಜು ಮಾಡಿ, ಬಿಸಿಯಾಗುತ್ತದೆಯೇ ಎಂದು ಆಗಾಗ ಮುಟ್ಟಿ ನೋಡುತ್ತಿದ್ದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ನಮ್ಮ ನಮ್ಮ ಸೈಕಲ್ಲಿನಲ್ಲಿ ಶ್ರೀನಿವಾಸಪುರದ ಅತ್ತೆಯ ಮನೆಗೆ ಹೊರಟೆವು. ಹಿಂದಿನ ದಿನ ಕರೆಂಟು ಹೋಗಿ ನನ್ನ ಯಂತ್ರಗಳು ಸರಿಯಾಗಿ ಚಾರ್ಜಾಗಿರಲಿಲ್ಲ. ದೇವರಾಯಸಮುದ್ರ ಬರುವ ಮೊದಲೇ ಕಿವಿಯೊಳಗೆ ಪೀಂ ಎಂದು ಸದ್ದಾಗಿ ಎರಡೂ ಆರಿದವು. ಲೋಕಕ್ಕೆ ಹತ್ತಿ ತುರುಕಿದಂತಾಯಿತು. ಸ್ವಲ್ಪ ದೂರ ಹಾಗೇ ತುಳಿದೆ. ಇದ್ದಕ್ಕಿದ್ದಂತೆ ಮಾವಿನಕಾಯಿ ತುಂಬಿದ ಲಾರಿಯೊಂದು ನನ್ನ ಮೊಣಕೈ ಪಕ್ಕದಲ್ಲೇ ಹಾದುಹೋಯಿತು. ಬಂದದ್ದೇ ನನಗೆ ತಿಳಿಯಲಿಲ್ಲ.

ಹೆಂಡತಿ ಮುಂದೆ ಬಂದು ನನ್ನನ್ನು ಅಡ್ಡಗಟ್ಟಿದಳು. ಕೆರೆ ಏರಿಯ ಮೇಲೆ ಹುಣಸೆಮರದ ನೆರಳಿಗೆ ಹೋದೆವು. ಅಲ್ಲಿಯವರೆಗೆ ತುಳಿದದ್ದಕ್ಕೆ ಪವರ್‌ಬ್ಯಾಂಕಿನಲ್ಲಿ ಸಾಕಷ್ಟು ಸೇರಿತ್ತು. ಯಂತ್ರಗಳನ್ನು ಒರೆಸಿ ಡಬ್ಬಿಯಲ್ಲಿಟ್ಟು ವೈರು ಸಿಕ್ಕಿಸಿದಳು. ಹಸಿರು ದೀಪ ಹತ್ತಿತು.

ಕಾಯುತ್ತ ಕೂತೆವು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿ ನಿಂತಿದ್ದವು. ಅವಳು ಕೆರೆಯ ಕಡೆ ನೋಡುತ್ತ ಏನೋ ಹೇಳುತ್ತಲೇ ಇದ್ದಳು. ತುಟಿಯಾಡುವುದು ಕಾಣುತ್ತಿತ್ತು, ಮಾತು ಮುಟ್ಟುತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

ಯಂತ್ರ ಮತ್ತೆ ಕಿವಿಗೆ ಏರಿದಾಗ ಮೊದಲು ಕೇಳಿಸಿದ್ದು ಅವಳು ಮೂಗು ಎಳೆದ ಸದ್ದು.

"ಅಷ್ಟೊತ್ತಿಂದ ಏನ್ ಹೇಳ್ತಿದ್ದೆ?"

"ಏನಿಲ್ಲ. ನಿಮಗೆ ಕೇಳ್ಸಲ್ಲ ಅಂತ ಗೊತ್ತಿದ್ರೂ ಮಾತಾಡ್ತೀನಿ. ಎರಡು ವರ್ಷದಿಂದ ಹಂಗೇ ಅಭ್ಯಾಸ ಆಗೋಗಿದೆ."

"ಈಗ ಕೇಳ್ಸುತ್ತೆ. ಹೇಳು."

"ಲಾರಿ ಬಂದಾಗ ಕೂಗ್ದೆ ರೀ. ಗಂಟಲು ಕಿತ್ಕೊಂಡು ಕೂಗ್ದೆ. ನೀವು ತಿರುಗ್ಲೇ ಇಲ್ಲ. ಜೀವ ಹೋದಂಗಾಯ್ತು."

"ಇನ್ಮೇಲೆ ಚಾರ್ಜ್ ಮುಗಿದ್ರೆ ಅಲ್ಲೇ ನಿಲ್ತೀನಿ ಕಣೇ," ಎಂದೆ. ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಳಿದ ದಾರಿಯಲ್ಲಿ ಅವಳು ಹಿಂದೆ ಬಂದಳು. ಅವಳ ಚೈನು ಕಿರುಗುಟ್ಟುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎಣ್ಣೆ ಹಾಕಿಸಬೇಕಿತ್ತು, ಆದರೆ ಆ ಹೊತ್ತು ಅದು ನಿಲ್ಲುವುದೇ ಬೇಡವೆನಿಸಿತು.

ಅತ್ತೆ ಊಟಕ್ಕೆ ಬಡಿಸುತ್ತ, ಅಭ್ಯಾಸಬಲದಿಂದ ನನ್ನ ಕಿವಿಯ ಹತ್ತಿರ ಬಾಗಿ ಕೂಗಲು ಬಾಯಿ ತೆರೆದರು. ಹೆಂಡತಿ ತಡೆದಳು: "ಮೆಲ್ಲಗೆ ಹೇಳಮ್ಮ, ಕೇಳ್ಸುತ್ತೆ." ಅತ್ತೆ ಅನುಮಾನದಿಂದಲೇ ಮೊಸರಿನ ಬಟ್ಟಲು ಮುಂದೆ ಸರಿಸಿ, ತಮ್ಮ ತೆಲುಗಿನಲ್ಲಿ ಮೆತ್ತಗೆ, "ಪೆರುಗು ವೇಸುಕೋಂಡಿ," ಎಂದರು.

ನಾನು ಮೊಸರು ಬಡಿಸಿಕೊಂಡೆ. ಅವರು ಅಲ್ಲೇ ಕೂತು, ಅದೇ ಮೆತ್ತನೆಯ ದನಿಯಲ್ಲಿ, ಈ ವರ್ಷದ ಮಾವಿನ ಫಸಲಿನ ಕತೆ ಹೇಳತೊಡಗಿದರು.