ರಿಪೇರಿ ಚಾಚಾ ಕಣ್ಣು ಮುಚ್ಚಿ ನೋಡಿದ್ದು

ಹಲ್ಲಿನಲ್ಲಿ ಟಾರ್ಚ್ ಕಚ್ಚಿಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣೊಂದರಿಂದಲೇ ನೋಡುತ್ತಿದ್ದರು ರಿಪೇರಿ ಚಾಚಾ. ಅವರ ತಂದೆ ಚಿತ್ರದುರ್ಗದಲ್ಲಿ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಆ ನೋಟವೇ ಮಗನ ಕಂಪ್ಯೂಟರ್ ಅಂಗಡಿಗೂ ಇಳಿದು ಬಂದಿತ್ತು.

ಶುರುವಾಗದ ಕಂಪ್ಯೂಟರ್ ಬಂದರೆ ಮೊದಲು ಫ್ಯಾನ್ ಆರಿಸುತ್ತಿದ್ದರು. ಯಂತ್ರ ಹೊರಡಿಸುವ ಬೀಪ್ ಸದ್ದು ಉದ್ದವೋ ಗಿಡ್ಡವೋ ಎಂದು ಕೇಳಿ, ಕೆಟ್ಟ ಭಾಗ ಯಾವುದೆಂದು ಊಹಿಸುತ್ತಿದ್ದರು. ಅಲ್ಲಿಯವರೆಗೆ ಯಾರೂ ಮಾತಾಡುವಂತಿಲ್ಲ.

ಅಂದು ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಅಂಗಡಿಯಲ್ಲೇ ಕೂತು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು.

"ಅಡಿಕೆ ರೇಟು ಆಮೇಲೆ ಮಾತಾಡ್ರಿ ಸಾವ್ಕಾರ್ರೆ. ಈಗ ಮಿಷನ್ ಮಾತಾಡ್ಬೇಕು," ಎಂದರು ಚಾಚಾ.

ಮೇಜಿನ ಮೇಲಿದ್ದುದು ನನ್ನ ಲ್ಯಾಪ್‌ಟಾಪ್. ಪರದೆ ಕಪ್ಪಾಗಿತ್ತು. ಚಾಚಾ ಟಾರ್ಚನ್ನು ಕೈಗೆ ತೆಗೆದುಕೊಂಡು ಪರದೆಯ ಮೇಲೆ ಓರೆಯಾಗಿ ಬೆಳಕು ಬಿಟ್ಟರು.

"ನೋಡಮ್ಮ, ಒಳಗೆ ಚಿತ್ರ ಐತೆ. ಹಿಂದಿನ ಬೆಳಕು ಮಾತ್ರ ಹೋಗೈತೆ. ಸತ್ತಿಲ್ಲ, ಅಳಬ್ಯಾಡ."

ನಾನು ಅಳುತ್ತಿದ್ದೆನೇ? ನೆನಪಿಲ್ಲ.

ಖಾತ್ರಿಗೆಂದು ಅದನ್ನು ಅಂಗಡಿಯ ಮಾನಿಟರಿಗೆ ಜೋಡಿಸಿದರು. ಚಿತ್ರ ಪೂರ್ತಿ ಬೆಳಗಿತು. ಚಾಚಾ ಮಾತ್ರ ಹುಬ್ಬು ಗಂಟಿಕ್ಕಿದರು.

"ಕೆಳಗಿನ ಅರ್ಧ ಕಪ್ಪು. ಇದೂ ಕೆಡ್ತಾ?"

ವೈರ್ ಬದಲಿಸಿದರು. ಇನ್ನೊಂದು ಮಾನಿಟರ್ ತಂದರು. "ಇದೂ ಹಂಗೇ ಐತೆ."

"ಏನ್ ಚಾಚಾ, ಪೂರ್ತಿ ಕಾಣ್ತೈತಲ್ಲ! ನಮ್ಮತ್ರ ತಮಾಷೆನಾ?" ಸಾವ್ಕಾರರು ನಕ್ಕರು.

"ಪೂರ್ತಿ ಐತೆ ಚಾಚಾ," ಎಂದೆ ನಾನೂ.

ಚಾಚಾ ಎಡಗಣ್ಣು ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಆಮೇಲೆ ಬಲಗಣ್ಣಿನ ಮೇಲೆ ಅಂಗೈಯಿಟ್ಟು ನೋಡಿದರು. ಒಂದೊಂದೇ ಭಾಗ ಬದಲಿಸಿ ಯಂತ್ರದ ದೋಷ ಹುಡುಕುವವರು ತಮ್ಮನ್ನೇ ಹಾಗೆ ಹುಡುಕಿಕೊಳ್ಳುತ್ತಿದ್ದರು. ಆಗ ಟಾರ್ಚ್ ಕೈಯಿಂದ ಜಾರಿ ಬಿತ್ತೆಂದು ನನ್ನ ನೆನಪು. ಮೆಲ್ಲಗೆ ಮೇಜಿನ ಮೇಲಿಟ್ಟರೆಂದು ಸಾವ್ಕಾರರು ಹೇಳುತ್ತಾರೆ.

"ಮಾನಿಟರ್ ಸರಿ ಐತೆ," ಎಂದರು ಚಾಚಾ, ಸಣ್ಣ ದನಿಯಲ್ಲಿ. "ನನ್ನ ಬಲಗಣ್ಣು... ಬೆಳಿಗ್ಗೆಯಿಂದ ಚೆನ್ನಾಗಿರೋ ಮಾನಿಟರ್‌ಗಳನ್ನೆಲ್ಲ ಕೆಟ್ಟವೆ ಅಂತ ಮೂಲೆಗಿಟ್ಟೀನಿ."

ಮೂಲೆಯತ್ತ ನೋಡಿದೆ. ಅಲ್ಲಿ ಮಾನಿಟರುಗಳು ಸಾಲಾಗಿ ನಿಂತಿದ್ದವು.

ಸಾವ್ಕಾರರ ಕಾರಿನಲ್ಲೇ ದಾವಣಗೆರೆಯ ಕಣ್ಣಾಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಚಾಚಾ ಎಡಗಣ್ಣು ಮುಚ್ಚಿ ಕಾರಿನ ಗಾಜನ್ನೇ ನೋಡುತ್ತಿದ್ದರು.

"ಮುಚ್ಚಬ್ಯಾಡ್ರಿ ಚಾಚಾ, ಎರಡೂ ಬಿಡ್ರಿ," ಎಂದೆ.

"ನೋಡ್ದಿದ್ರೆ ಹೆಂಗಮ್ಮ? ಕಪ್ಪು ಮೇಲಕ್ಕೆ ಬರ್ತಾ ಐತೆ."

ಕಣ್ಣಿನ ಹಿಂದಿನ ಪದರ ಕಿತ್ತು ಬಂದಿದೆ ಎಂದರು ಡಾಕ್ಟರು. ತಡಮಾಡದೆ ಆಪರೇಷನ್ ಮಾಡಿದರು. ಕೆಳಗಿನ ಕತ್ತಲು ಪೂರ್ತಿ ಹೋಗಲಿಲ್ಲ. ಅಂಗಡಿಗೆ ಮರಳಿದ ಮೇಲೂ ಚಾಚಾ ಅಭ್ಯಾಸಬಲದಿಂದ ಎಡಗಣ್ಣನ್ನೇ ಮುಚ್ಚುತ್ತಿದ್ದರು. ತಕ್ಷಣ ಬೆಚ್ಚಿ ತೆರೆಯುತ್ತಿದ್ದರು. "ನನ್ನ ಪರದೆಗೆ ಸ್ಪೇರ್ ಇಲ್ಲಮ್ಮ" ಎಂದು ನಗುವಾಗಲೂ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

ಹೋದ ವರ್ಷ ಚಾಚಾ ಹೃದಯಾಘಾತದಿಂದ ತೀರಿಕೊಂಡರು. ಅವರು ಸರಿಮಾಡಿಕೊಟ್ಟ ಲ್ಯಾಪ್‌ಟಾಪಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಹಳೆಯದಾಯಿತು, ಆಗಾಗ ಪರದೆ ಮಸುಕಾಗುತ್ತದೆ. ಆಗ ನಾನು ವೈರ್ ಮುಟ್ಟುವುದಿಲ್ಲ. ಮೊದಲು ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತೇನೆ. ಆಮೇಲೆ, ಉಸಿರು ಬಿಗಿಹಿಡಿದು, ಇನ್ನೊಂದಕ್ಕೆ.