ಮುಚ್ಚಳ ತೆರೆಯದ ಟ್ಯೂಬುಗಳು

ವಾಮದಪದವಿನ ಗೂಡಂಗಡಿಯೆದುರು ಬಸ್ಸು ಕಾಯುತ್ತ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ, ಆಗಷ್ಟೇ ಪರಿಚಯವಾದ ಹಮೀದ್ ನಕ್ಕರು. ಗಲ್ಫಿನಲ್ಲಿ ಕಟ್ಟಡದ ಕೆಲಸ, ಎರಡು ವರ್ಷದ ಮೇಲೆ ರಜೆಯಲ್ಲಿ ಬಂದವರಂತೆ. ಮೂಗಿನ ಚರ್ಮ ಸುಟ್ಟು ಸುಲಿದಿತ್ತು. ಕಿವಿಯ ತುದಿಯಲ್ಲಿ ಒಣಗದ ಗಾಯ.

“ನಮಗೆ ಇದು ಕಂಪೆನಿಯಿಂದ ತಿಂಗಳಿಗೊಂದು ಸಿಗ್ತದೆ” ಎಂದು ಮಡಿಲಲ್ಲಿದ್ದ ಚೀಲ ತೆರೆದು ತೋರಿಸಿದರು. ಒಳಗೆ ಹತ್ತಿಪ್ಪತ್ತು ಟ್ಯೂಬು. ಒಂದರ ಮುಚ್ಚಳವನ್ನೂ ತೆರೆದಿರಲಿಲ್ಲ. ಬೆಳ್ತಂಗಡಿಯ ತಂಗಿಯರಿಗೆ ಕೊಡಲು ಹೊರಟಿದ್ದರು.

“ನೀವು ಹಚ್ಚಿಕೊಳ್ಳಲಿಲ್ವಾ?”

“ನಾನೇ ಹಚ್ಚಿದರೆ ಊರಿಗೆ ತರುವುದು ಎಂತ ಮಾರಾಯ್ರೆ? ಖಾಲಿ ಕೈಯಲ್ಲಿ ಬರ್ಲಿಕ್ಕೆ ಆಗ್ತದಾ?”

“ತಂಗಿಯರು ಬಿಸಿಲಲ್ಲಿ ಓಡಾಡ್ತಾರಾ?”

“ಎಂತ ಬಿಸಿಲು. ಮದುವೆಗೆ ಹೋಗುವಾಗ ಹಾಕ್ತಾರೆ. ಮುಖ ಬಿಳಿ ಕಾಣ್ತದಂತೆ.”

ನನಗೆ ಸಿಟ್ಟು ಬಂತು. ಬಿಳಿಯ ಹುಚ್ಚಿನ ಮೇಲೋ, ಬರಿಗೈಯಲ್ಲಿ ಬಂದವನ ಮುಖವನ್ನೂ ನೋಡದ ನಮ್ಮ ಊರುಗಳ ಮೇಲೋ ಗೊತ್ತಾಗಲಿಲ್ಲ. ಕಿವಿಯ ಗಾಯಕ್ಕೆ ಎಷ್ಟು ದಿನವಾಯಿತೆಂದು ಕೇಳಿದೆ.

“ಆರು ತಿಂಗಳು ಆಯ್ತು. ಡಾಕ್ಟ್ರಿಗೆ ತೋರಿಸ್ಲಿಕ್ಕೆ ಉಂಟು. ಮೊದಲು ಇದನ್ನು ಕೊಟ್ಟು ಬರುವ ಅಂತ.”

ಅಷ್ಟರಲ್ಲಿ ಅಂಗಡಿಯ ತಾಡಪಾಲಿನ ನೆರಳು ಸರಿದು ಅವರ ಮಡಿಲಿಗೆ ಬಿಸಿಲು ಬಿತ್ತು. ಹಮೀದ್ ತಟ್ಟನೆ ಎದ್ದರು. ಬೆಂಚಿನ ಮೇಲೆ ನೆರಳು ಉಳಿದಿದ್ದ ಒಂದೇ ಮೂಲೆಯಲ್ಲಿ ಚೀಲವನ್ನಿಟ್ಟು, ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಅದರ ಮೇಲೆ ಹೊದಿಸಿದರು.

“ಬಿಸಿಲು ತಾಗಿದರೆ ಇದು ಹಾಳಾಗ್ತದೆ” ಎಂದು ಹೇಳಿ, ಬರಿದಲೆಯಲ್ಲಿ ಹೋಗಿ ರಸ್ತೆಯಂಚಿನಲ್ಲಿ ನಿಂತರು.