ಮೂರು ಚೌಕ ತಾಡಪತ್ರಿ

ಮಾಸ್ತರನಾದವನು ಮಕ್ಕಳಲ್ಲಿ ಭೇದ ಮಾಡಬಾರದು. ಗಣಿತದ ಮಾಸ್ತರನಾದರೆ ಆಕೃತಿಗಳಲ್ಲೂ ಮಾಡಬಾರದು. ಆದರೆ ನಿಮ್ಮಲ್ಲಿ ಮುಚ್ಚಿಡುವುದೇನು, ನನಗೆ ಆಯತಕ್ಕಿಂತ ಚೌಕದ ಮೇಲೆ ಒಂದು ಗುಲಗಂಜಿ ಹೆಚ್ಚು ಪ್ರೀತಿ. ಆಯತವೆಂದರೆ ಉದ್ದ ಎಷ್ಟು, ಅಗಲ ಎಷ್ಟು ಎಂದು ಎರಡೆರಡು ಸಲ ವಿಚಾರಿಸಬೇಕು. ಚೌಕಕ್ಕೆ ಅಂಥ ತಕರಾರಿಲ್ಲ. ಒಂದು ಬದಿ ಕೇಳಿದರೆ ಸಾಕು, ತನ್ನ ಸಮಾಚಾರವನ್ನೆಲ್ಲ ಹೇಳಿಬಿಡುತ್ತದೆ. ಇಷ್ಟು ನೇರವಾದ ಪ್ರಾಣಿ ನಮ್ಮ ಸ್ಟಾಫ್ ರೂಮಿನಲ್ಲೂ ಇಲ್ಲ.

ಈ ಪ್ರೀತಿಯ ಕಷ್ಟವನ್ನು ಉಂಡವಳು ನನ್ನ ಹೆಂಡತಿ. ಜಲನಗರದ ನಮ್ಮ ಮನೆಯ ಪಡಸಾಲೆ ಉದ್ದಕ್ಕಿದೆ, ಅಗಲಕ್ಕೆ ಜಿಪುಣ. ಅಲ್ಲಿಗೆ ನಾನು ಚೌಕದ ಮೇಜು ತಂದಿಟ್ಟೆ. ಅವಳು ಕೇಳಿದ್ದ ಉದ್ದನೆಯ ಮೇಜಿನದೂ ಇದರದೂ ವಿಸ್ತೀರ್ಣ ಒಂದೇ, ಅದಕ್ಕಿಂತ ಇದು ಚೆಂದ ಎಂದು ವಾದಿಸಿದೆ. ಅಂದಿನಿಂದ ಮನೆಗೆ ಬಂದವರೆಲ್ಲ ಅಡ್ಡಡ್ಡ ನಡೆದು ಅಡುಗೆಮನೆ ತಲುಪುತ್ತಾರೆ. ವಿಸ್ತೀರ್ಣ ಮಾತ್ರ ಇಂದಿಗೂ ಅಷ್ಟೇ ಇದೆ.

ತಪ್ಪು ನನ್ನೊಬ್ಬನದಲ್ಲ. ಹಿಂದೆ ಯಜ್ಞವೇದಿ ಕಟ್ಟುತ್ತಿದ್ದವರು ಹಗ್ಗ ಹಿಡಿದು, ಆಯತವನ್ನು ಅಷ್ಟೇ ವಿಸ್ತೀರ್ಣದ ಚೌಕವಾಗಿಸುವ ದಾರಿ ಕಂಡುಕೊಂಡಿದ್ದರು. ಆ ಪಾಠ ಹೇಳುವಾಗ ನನ್ನ ಧ್ವನಿ ತಾನಾಗಿ ಏರುತ್ತದೆ. ಆಕೃತಿ ಬದಲಾದರೂ ವಿಸ್ತೀರ್ಣ ಬದಲಾಗದು ಎಂಬುದು ನನಗೆ ಲೆಕ್ಕ ಮಾತ್ರವಲ್ಲ, ಒಂದು ಥರದ ವೇದಾಂತವೇ ಆಗಿತ್ತು. ಆ ವೇದಾಂತ ಹೋದ ಬೇಸಿಗೆಯಲ್ಲಿ ಟಿಕೋಟಾದ ಒಂದು ಹೊಲದಲ್ಲಿ ಪರೀಕ್ಷೆಗೆ ಕೂತಿತು.

ಟಿಕೋಟಾ ನನ್ನ ತಂಗಿ ಸುವರ್ಣಾಳ ಗಂಡನ ಮನೆ. ಅವರದು ದ್ರಾಕ್ಷಿ ತೋಟ. ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ, ತಗಡಿನ ಮಾಡಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಯ ಜಾಳಿಗೆಗಳ ಮೇಲೆ ಹರವಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಗಾಳಿ ಆಡಬೇಕೆಂದು ಶೆಡ್ಡಿನ ನಾಲ್ಕೂ ಬದಿ ಬಯಲು. ಒಣಗುವಷ್ಟು ದಿನ ಮನೆಯವರೆಲ್ಲ ಒಂದು ಕಣ್ಣನ್ನು ಆಕಾಶದಲ್ಲೇ ಇಟ್ಟಿರುತ್ತಾರೆ. ಮಳೆಯ ಇರಿಚಲು ಹೊಡೆದರೆ ಹಣ್ಣು ಕಪ್ಪಾಗುತ್ತದೆ, ವರ್ಷದ ದುಡಿಮೆಯೂ ಅದರ ಜೊತೆಗೇ ಕಪ್ಪಾಗುತ್ತದೆ.

ರಜೆಯ ದಿನ. ಉಂಡು ಅಡ್ಡಾಗಿದ್ದೆ. ಸುವರ್ಣಾಳ ಫೋನು ಬಂತು.

"ಅಣ್ಣಾ, ಮೋಡ ಕಟ್ಟಾಕತ್ತೇತಿ. ಹ್ವಾದ ವರ್ಷದ ತಾಡಪತ್ರಿ ಎಲ್ಲಾ ಇಲಿ ಕಡದಾವ. ಪ್ಯಾಟ್ಯಾಗ ಸಿಗತಾವೇನ್ ನೋಡು."

ತಾಡಪತ್ರಿ ಎಂದರೆ ಮಳೆಗೆ ಅಡ್ಡ ಕಟ್ಟುವ ಟಾರ್ಪಾಲು. ಶೆಡ್ಡು ಐವತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಮುಚ್ಚಬೇಕಾದ ಎತ್ತರ ಹತ್ತು. ಸುತ್ತಳತೆ ನೂರಿಪ್ಪತ್ತು, ಅದನ್ನು ಹತ್ತರಿಂದ ಗುಣಿಸಿದರೆ ಸಾವಿರದ ಇನ್ನೂರು ಚದರಡಿ. ಚಪ್ಪಲಿ ಮೆಟ್ಟುವುದರೊಳಗೆ ಉತ್ತರ ಸಿದ್ಧವಾಗಿತ್ತು.

ಜೋರಾಪುರ ಪೇಟೆಯ ಅಂಗಡಿಯ ಮುಂದೆ ಜಾತ್ರೆಯ ಹಾಗೆ ಜನ. ಎಲ್ಲರಿಗೂ ಅದೇ ಮೋಡ, ಅದೇ ತಾಡಪತ್ರಿ. ಅಂಗಡಿಯ ರಫೀಕ್ ಭಾಯಿ ನನಗೆ ಹಳೆಯ ಪರಿಚಯ. ಉದ್ದನೆಯವೆಲ್ಲ ಮುಂಜಾನೆಯೇ ಖಾಲಿಯಾದವು, ಇಪ್ಪತ್ತಕ್ಕೆ ಇಪ್ಪತ್ತರ ಮೂರು ಮಾತ್ರ ಉಳಿದಿವೆ, ಬೇಕಾದರೆ ಈಗಲೇ ಹೇಳಿ ಎಂದರು. ಹಿಂದೆ ನಿಂತವರೊಬ್ಬರು ಆಗಲೇ ಕೈ ಚಾಚಿದ್ದರು. ನಾನು ಅವುಗಳ ಮೇಲೆ ಕೈಯೂರಿ ತಂಗಿಗೆ ಫೋನು ಹಚ್ಚಿದೆ.

ನಮ್ಮಪ್ಪನೂ ಗಣಿತದ ಮಾಸ್ತರ. ಮಗ್ಗಿ ಒಪ್ಪಿಸದೆ ನಮ್ಮ ತಾಟಿಗೆ ತುಪ್ಪ ಬೀಳುತ್ತಿರಲಿಲ್ಲ. ಹಾಗಾಗಿ ಸುವರ್ಣಾ ಲೆಕ್ಕದಲ್ಲಿ ನನಗಿಂತ ಒಂದು ಕೈ ಮೇಲೆಯೇ. "ಇಪ್ಪತ್ತಿಪ್ಪತ್ಲೆ ನಾಕನೂರ, ಮೂರಕ್ಕ ಸಾವಿರದ ಇನ್ನೂರ. ಬರೋಬರಿ ಆತು, ತಗೊಂಡ್ ಬಾ," ಎಂದಳು. ಸಂಖ್ಯೆಗೆ ಸಂಖ್ಯೆ ಕೂಡಿದರೆ ಕೆಲಸ ಮುಗಿಯಿತೆಂದು ನಂಬುವುದು ನಮ್ಮ ಮನೆತನದ ಚಾಳಿ. ಅದೂ ಚೌಕ ಬೇರೆ! ನನಗಂತೂ ಒಳಗೊಳಗೇ ಹಿಗ್ಗು.

ಸ್ಕೂಟರಿಗೆ ಮೂರನ್ನೂ ಬಿಗಿದು ಹೊರಟೆ. ಊರು ದಾಟಿದ ಮೇಲೆ ಹಿಗ್ಗು ಇಳಿಯಿತು. ಪಡುವಣ ದಿಕ್ಕಿಗೆ ಆಕಾಶ ಹಂಚಿನ ತಳದ ಹಾಗೆ ಕಪ್ಪಗಿತ್ತು. ಗಾಳಿ ಇರಲಿಲ್ಲ, ಅದೇ ಹೆಚ್ಚು ಹೆದರಿಕೆ. ನಡುದಾರಿಯಲ್ಲಿ ಕೈಮೇಲೆ ಹನಿಯೊಂದು ಬಿದ್ದಂತಾಗಿ ಜೀವ ಝಲ್ ಎಂದಿತು. ನೋಡಿದರೆ ನನ್ನದೇ ಬೆವರು.

ಶೆಡ್ಡಿನ ಹತ್ತಿರ ಸುವರ್ಣಾ ಮತ್ತು ಅವಳ ಗಂಡ ಶಿವಪ್ಪ ಹಗ್ಗ ಹಿಡಿದೇ ನಿಂತಿದ್ದರು. ಮೂರನ್ನೂ ಬಿಚ್ಚಿ ಸಾಲಾಗಿ ಮೇಲಿನ ತೊಲೆಗೆ ಕಟ್ಟಿ ಇಳಿಬಿಟ್ಟೆವು. ಹತ್ತು ಅಡಿ ಇಳಿದು ನೆಲ ಮುಟ್ಟಿತು. ಉಳಿದ ಹತ್ತು ಅಡಿ ನೆಲದ ಮೇಲೆ ಹಾಯಾಗಿ ಮಲಗಿತು. ಒಂದೊಂದಕ್ಕೆ ಇಪ್ಪತ್ತರಂತೆ ಅರವತ್ತು ಅಡಿ ಮುಚ್ಚಿತ್ತು. ಇನ್ನರ್ಧ ಶೆಡ್ಡು ಬಯಲಾಗಿಯೇ ಇತ್ತು. ದೂರದಲ್ಲಿ ಗುಡುಗಿತು.

"ಲೆಕ್ಕ ಬರೋಬರಿ ಐತಿ ಅಣ್ಣಾ," ಎಂದಳು ಸುವರ್ಣಾ. "ತಾಡಪತ್ರಿನ ಹೊಂದವಲ್ದು."

ನಡುವೆ ಹರಿದರೆ ಹೊಂದುತ್ತದೆ ಎಂದು ಮೂವರಿಗೂ ಹೊಳೆಯಿತು. ಹೊಚ್ಚಹೊಸದನ್ನು ಹರಿಯಲು ಶಿವಪ್ಪನಿಗೆ ಕೈ ಬಾರದು, ನನಗೆ ಮನಸ್ಸು ಬಾರದು, ಚೌಕವಲ್ಲವೇ? ಸುವರ್ಣಾ ಕುಡುಗೋಲು ತಂದು ಪರ್ರೆಂದು ಸೀಳಿದಳು. ಮೂರು ಚೌಕ ಆರು ಆಯತವಾದವು. ಒಂದೊಂದರ ಉದ್ದ ಇಪ್ಪತ್ತು, ಒಟ್ಟು ನೂರಿಪ್ಪತ್ತು, ಸುತ್ತಳತೆಗೆ ತಾಳೆ. ಆ ಗಡಿಬಿಡಿಯಲ್ಲೂ ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು.

ನಮ್ಮ ಪಠ್ಯಪುಸ್ತಕದ ಗೋಡೆಗಳಿಗೆ ಬಣ್ಣ ಬಳಿದರೆ ಒಂದು ತೊಟ್ಟೂ ಕೆಳಗೆ ಚೆಲ್ಲುವುದಿಲ್ಲ. ಅಲ್ಲಿನ ನೆಲಕ್ಕೆ ಕಲ್ಲು ಹಾಸಿದರೆ ಒಂದೂ ಒಡೆಯುವುದಿಲ್ಲ. ಅಲ್ಲಿ ಗಾಳಿಯೂ ಇಲ್ಲ. ಹೊಲದಲ್ಲಿ ಗಾಳಿ ಎದ್ದಿತ್ತು. ಸೀಳಿದ ಅಂಚಿನಲ್ಲಿ ಹಗ್ಗ ಪೋಣಿಸಲು ತೂತಿಲ್ಲ. ಮೂಲೆಗೊಂದು ಹರಳುಕಲ್ಲು ಇಟ್ಟು, ತಾಡಪತ್ರಿಯ ಅಂಚನ್ನೇ ಅದಕ್ಕೆ ಸುತ್ತಿ, ಅದರ ಕೊರಳಿಗೆ ಹಗ್ಗ ಬಿಗಿಯಬೇಕಾಯಿತು. ಒಂದರ ಅಂಚು ಇನ್ನೊಂದರ ಮೇಲೆ ಮೊಳದಷ್ಟು ಬರದಿದ್ದರೆ ಗಾಳಿ ನಡುವೆ ನುಗ್ಗಿ ಎರಡನ್ನೂ ಎತ್ತಿಬಿಡುತ್ತಿತ್ತು. ಹೀಗೆ ಪ್ರತಿ ಕೂಡಿನಲ್ಲೂ ಒಂದು ಮೊಳ ಕಳೆಯುತ್ತ ಬಂದು ಕೊನೆಗೆ ಎರಡು ಬಾಗಿಲಿನಷ್ಟು ಕಂಡಿ ಉಳಿಯಿತು. ಗಾಳಿ ಪಡುವಣದ್ದು, ಕಂಡಿ ಮೂಡಣಕ್ಕಿರಲಿ ಎಂದ ಶಿವಪ್ಪ. ಅವನು ಹೇಳಿ ಮುಗಿಸುವುದರೊಳಗೆ ಗಾಳಿ ತಿರುಗಿ ಮೂಡಣದಿಂದಲೇ ಬೀಸತೊಡಗಿತು.

ಮನೆಯ ಜಮಖಾನ ಬಂತು, ಕೌದಿ ಬಂತು. ಕಟ್ಟಲು ಹಗ್ಗ ಮುಗಿದಿತ್ತು. ಜಮಖಾನದ ಎರಡು ಮೂಲೆ ಹಿಡಿದು, ಕೈ ಮೇಲೆತ್ತಿ, ಕಂಡಿಗೆ ನಾನೇ ಅಡ್ಡ ನಿಂತೆ. ನನ್ನ ಎತ್ತರ ಐದೂವರೆ ಅಡಿ. ಅಗಲ ಹೇಳುವುದಿಲ್ಲ, ಆ ದಿನ ಅದು ಉಪಯೋಗಕ್ಕೆ ಬಂತೆಂದಷ್ಟೇ ಹೇಳುತ್ತೇನೆ. ಪಕ್ಕದಲ್ಲಿ ಕೌದಿ ಹಿಡಿದು ನಿಂತ ಸುವರ್ಣಾಳ ತುಟಿ ಅದುರುತ್ತಿತ್ತು. ಮಗ್ಗಿ ತಪ್ಪಿದಾಗಲೂ ಅಳದ ಹುಡುಗಿ ಅದು. ನನಗೆ ನಿಜವಾಗಿ ಭಯವಾಯಿತು.

ನಾಲ್ಕು ದಪ್ಪ ಹನಿ ಬಿದ್ದವು. ತಗಡಿನ ಮೇಲೆ ಟಪಟಪ ಎಂದು ನಿಂತವು. ಮೋಡ ನಮ್ಮ ನೆತ್ತಿಯ ಮೇಲೆ ಹಾದು ಬಬಲೇಶ್ವರದ ಕಡೆಗೆ ಜಾರಿತು.

ಉಸಿರು ಬಿಟ್ಟು ಕೂತೆವೋ ಇಲ್ಲವೋ, ಶಿವಪ್ಪನ ಅಕ್ಕ ಕಸ್ತೂರಿಯ ಫೋನು. ಅವರದು ಬಬಲೇಶ್ವರದಲ್ಲಿ ಇದೇ ಕೆಲಸ. ಅಲ್ಲಿ ಕತ್ತಲೆ ಕವಿದಿದೆ, ಊರಲ್ಲೆಲ್ಲೂ ತಾಡಪತ್ರಿ ಇಲ್ಲ, ಸೀರೆ ಕಟ್ಟುತ್ತಿದ್ದೇವೆ ಎಂದರಂತೆ. ಸುವರ್ಣಾ ಫೋನು ಇಟ್ಟು ಪಡುವಣ ಆಕಾಶ ನೋಡಿದಳು. ಆಮೇಲೆ ಎದ್ದುಹೋಗಿ ಉದ್ದನೆಯ ಬದಿಯ ಗಂಟುಗಳನ್ನು ಬಿಚ್ಚತೊಡಗಿದಳು.

"ಹಿಂದ ಇನ್ನೊಂದ್ ಮೋಡ ಐತಿ," ಎಂದ ಶಿವಪ್ಪ, ಸಣ್ಣ ದನಿಯಲ್ಲಿ. ಅಕ್ಕ ಅವನದೇ. ಆದರೆ ಹಣ್ಣೂ ಅವನದೇ.

"ಅಕ್ಕಾರದು ಮೊನ್ನೆ ಹಾಕ್ಯಾರ, ಇನ್ನೂ ಹಸೀ ಅದಾವ. ನಮ್ಮೂ ಒಣಗಾಕ ಬಂದಾವ, ಒಂದೀಟು ತಡಿತಾವ," ಎಂದಳು ಅವಳು, ತಿರುಗಿ ನೋಡದೆ. "ನೀ ಹೊಂಡು ಅಣ್ಣಾ."

ಮೂರು ತುಂಡು ನನಗೆ ಕೊಟ್ಟಳು. ಅಲ್ಲಿನ ಶೆಡ್ಡಿನ ಅಳತೆ ಎಷ್ಟು, ಇಷ್ಟು ಸಾಕೇ ಎಂದು ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸ್ಕೂಟರು ಹತ್ತಿದೆ. ಶಿವಪ್ಪ ಬಂದು ಹಿಂದೆ ಕೂತ. ಬಬಲೇಶ್ವರದವರೆಗೂ ಮಳೆಯ ವಾಸನೆ ನಮಗಿಂತ ಮುಂದೆ ಓಡುತ್ತಿತ್ತು. ತುಂಡುಗಳು ಸಾಲಲಿಲ್ಲ, ಸೀರೆಗಳೂ ಸೇರಿ ಹೇಗೋ ಸುತ್ತು ಬಂತು. ಕೊನೆಯ ಗಂಟು ಬಿಗಿಯುವಾಗ ಮಳೆ ಹಿಡಿಯಿತು. ಹಿಡಿದದ್ದು ಬಹಳ ಹೊತ್ತು ಬಿಡಲಿಲ್ಲ. ಕಸ್ತೂರಿಯವರು ಒಳಗಿನ ಹಣ್ಣು ಮುಟ್ಟಿ ಮುಟ್ಟಿ ನೋಡಿದರು. ಒಣಗಿಯೇ ಇತ್ತು ಮೇಲ್ಮೈ; ಅವರ ಸೆರಗು ಮಾತ್ರ ತೊಪ್ಪೆಯಾಗಿತ್ತು.

ಮರುದಿನ ಬೆಳಿಗ್ಗೆ ಸುವರ್ಣಾ ಫೋನು ಮಾಡಿದಳು. ನಾವು ಹೋದ ಮೇಲೆ ಹಿಂದಿನ ಮೋಡವೂ ಬಂದಿತ್ತಂತೆ, ಟಿಕೋಟಾದ ಮೇಲೆಯೇ ಸುರಿದಿತ್ತಂತೆ.

"ಬಿಚ್ಚಿದ ಬದೀದು ಕೆಳಗಿನ ಜಾಳಿಗಿ ತೊಯ್ದಾವ. ಕರ್ರಗ ಆಕ್ಕಾವ, ಮನಿ ಪಾಯಸಕ್ಕ ಆದಾವು ಬಿಡು. ಅಕ್ಕಾರವು ಉಳದಾವಲ್ಲ?"

ಉಳಿದಿವೆ ಎಂದೆ. "ಹಂಗಾರ ಆತು," ಎಂದಳು. ರಾತ್ರಿ ಅತ್ತಿದ್ದಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ತೊಯ್ದ ಜಾಳಿಗೆಯ ಉದ್ದ ನನಗೆ ಗೊತ್ತು, ಐವತ್ತು ಅಡಿ. ನೀರು ಒಳಗೆ ಎಷ್ಟು ಅಗಲ ನುಗ್ಗಿತ್ತು ಎಂದೊಂದು ಕೇಳಿದ್ದರೆ, ಹೋದದ್ದೆಷ್ಟು ಎಂದು ಚದರಡಿಯಲ್ಲಿ ಅಲ್ಲೇ ಹೇಳಿಬಿಡಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದೂ ಬಿಟ್ಟಿತ್ತು. ಉದ್ದ ಗೊತ್ತಿದ್ದೂ ಅಗಲ ಕೇಳದೆ ಫೋನು ಇಟ್ಟದ್ದು ನನ್ನ ಜನ್ಮದಲ್ಲೇ ಅದು ಮೊದಲ ಸಲ.